ಮಾತಿಗೊಂದು ಎಂ.ಎ. ಇದ್ದಿದ್ದರೆ

ಹೋದ ವರ್ಷ ಒಂದು ಮಧ್ಯಾಹ್ನ, ಎಂ.ಎ. ಕೊನೆಯ ಸೆಮಿಸ್ಟರಿನ ಹುಡುಗ ಹುಡುಗಿಯರನ್ನು ಮೌಖಿಕ ಪರೀಕ್ಷೆಗೆ ತಯಾರು ಮಾಡುತ್ತ ಕೂತಿದ್ದೆ. ನಾನಲ್ಲಿ ಅತಿಥಿ ಉಪನ್ಯಾಸಕ. ಯಾವ ಊರು, ಯಾವ ವಿಭಾಗ ಎನ್ನುವುದು ಇಲ್ಲಿ ಬೇಡ. ಬಸವಕಲ್ಯಾಣದ ಕಡೆಯ ಒಬ್ಬ ಹುಡುಗಿ ಶೂನ್ಯಸಂಪಾದನೆಯ ಮೇಲೆ ಕಿರುಪ್ರಬಂಧ ಬರೆದಿದ್ದಳು. ಬರವಣಿಗೆ ಅಚ್ಚುಕಟ್ಟು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಬಹಳ ಒತ್ತಾಯಿಸಿದ ಮೇಲೆ ತಾನೇ ಒಂದು ಪ್ರಶ್ನೆ ಕೇಳಿದಳು: "ಸರ್, ಅಲ್ಲಮ ಕೇಳಿದ್ದಕ್ಕ ಅಕ್ಕ ಉತ್ತರ ಕೊಡ್ಲತ್ತಾಳೋ, ಇಲ್ಲಾ ಪುಸ್ತಕ ಮಾಡ್ದಾವ ಆಕಿ ಕಡಿಂದ ಉತ್ತರ ಕೊಡಸ್ಲತ್ತಾನೋ?"

ನಾನು ಹೇಳಿದ್ದು: "ಕೊಡುತ್ತಿದ್ದಾಳೆಯೋ ಅನ್ನಮ್ಮ. ಎಕ್ಸ್‌ಟರ್ನಲ್ ದಕ್ಷಿಣದ ಕಡೆಯವರು."

ಅವಳು ತಲೆಯಾಡಿಸಿ ಕೂತಳು. ಸಂಜೆ ಹುಮನಾಬಾದಿನ ಬಸ್ಸಿನಲ್ಲಿ, ಕಂಡಕ್ಟರು ಒಬ್ಬರಿಗೆ ಕನ್ನಡದಲ್ಲಿ, ಮತ್ತೊಬ್ಬರಿಗೆ ಮರಾಠಿಯಲ್ಲಿ, ಮೂರನೆಯವರಿಗೆ ದಖನಿಯಲ್ಲಿ ಚಿಲ್ಲರೆ ಕೇಳುವುದನ್ನು ನೋಡುತ್ತ ಕೂತಾಗ ಹೊಳೆಯಿತು. ಶೂನ್ಯಸಂಪಾದನೆಯ ಬಗ್ಗೆ ನನ್ನ ತರಗತಿಯಲ್ಲಿ ಹತ್ತು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಆ ಹುಡುಗಿ ಕೇಳಿದ್ದಳು, ನಾನು ಅವಳ ಕ್ರಿಯಾಪದವನ್ನು ತಿದ್ದಿ ಕಳಿಸಿದ್ದೆ. ಇಪ್ಪತ್ತೈದು ವರ್ಷದ ಹಿಂದೆ ಒಂದು ಸೆಮಿನಾರಿನಲ್ಲಿ ನನ್ನ 'ಮಾಡ್ಲತ್ತೀನಿ'ಗೆ ಕೋಣೆಯೇ ನಕ್ಕಿತ್ತು. ಆ ನಗುವನ್ನು ಇಷ್ಟು ಜೋಪಾನವಾಗಿ ಕಾಯ್ದಿಟ್ಟು, ಸರಿಯಾದ ಸಮಯಕ್ಕೆ ಇನ್ನೊಬ್ಬರಿಗೆ ದಾಟಿಸಿದೆನಲ್ಲ ಎಂದು ಕಸಿವಿಸಿಯಾಯಿತು. ಈ ಬರಹ ಆ ಪ್ರಶ್ನೆಗೆ ತಡವಾಗಿ ಬಂದ ಉತ್ತರ.

ಶೂನ್ಯಸಂಪಾದನೆ ಏನು ಎಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಆದರೂ ಒಂದು ಮಾತನ್ನು ನಾವು ಬೇಗ ಮರೆಯುತ್ತೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದವೆನ್ನುವ ಮಾತುಕತೆಗಳನ್ನು ಅದು ಹದಿನೈದು, ಹದಿನಾರನೆಯ ಶತಮಾನಗಳಲ್ಲಿ ಕೂತು ಕಟ್ಟಿದೆ. ಮೊದಲು ಶಿವಗಣಪ್ರಸಾದಿ ಮಹದೇವಯ್ಯ, ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವ, ಗೂಳೂರು ಸಿದ್ಧವೀರಣ್ಣೊಡೆಯ. ಹೀಗೆ ನಾಲ್ವರು ಬೇರೆ ಬೇರೆಯಾಗಿ ಇದನ್ನು ಸಂಪಾದಿಸಿದರು. ಸಿದ್ಧರಾಮನ ದೀಕ್ಷೆಯ ಪ್ರಸಂಗವನ್ನು ಇಡಬೇಕೋ ಬಿಡಬೇಕೋ ಎಂಬುದರಲ್ಲೇ ಪಾಠಗಳು ಒಂದರೊಡನೊಂದು ಜಗಳಾಡುತ್ತವೆ. ವಿಧಾನ ಮಾತ್ರ ಎಲ್ಲರದ್ದೂ ಒಂದೇ: ಬಿಡಿಬಿಡಿಯಾಗಿದ್ದ ವಚನಗಳನ್ನು ಎತ್ತಿಕೊಂಡು, ನಡುವೆ ಗದ್ಯದ ಒಂದೆರಡು ವಾಕ್ಯಗಳ ಬೆಸುಗೆ ಹಾಕಿ, ಒಂದನ್ನು ಪ್ರಶ್ನೆಯಾಗಿಯೂ ಇನ್ನೊಂದನ್ನು ಉತ್ತರವಾಗಿಯೂ ನಿಲ್ಲಿಸುವುದು. ಯಾರೋ ಒಬ್ಬಂಟಿಯಾಗಿ, ಯಾವುದೋ ರಾತ್ರಿ ಆಡಿಕೊಂಡಿರಬಹುದಾದ ಮಾತು ಇಲ್ಲಿ ತುಂಬಿದ ಸಭೆಯಲ್ಲಿ ಎದುರಾಳಿಗೆ ಕೊಟ್ಟ ಜವಾಬಾಗುತ್ತದೆ.

ಇದು ಸಣ್ಣ ಬದಲಾವಣೆಯಲ್ಲ. ಒಂದು ವಚನದ ಅಕ್ಷರ ಒಂದೂ ಬದಲಾಗದೆ ಅದರ ಕೆಲಸ ಬದಲಾಗಿಬಿಡುತ್ತದೆ. ನಮ್ಮ ವಿಮರ್ಶೆ ಈ ಬದಲಾವಣೆಯ ಹತ್ತಿರ ಹೆಚ್ಚು ನಿಂತಿಲ್ಲ. ಶೂನ್ಯಸಂಪಾದನೆಯನ್ನು ನಾವು ತತ್ತ್ವವಾಗಿ ಓದಿದ್ದೇವೆ. ಷಟ್‌ಸ್ಥಲದ ಪಟ್ಟಿ ಮಾಡಿದ್ದೇವೆ. ಕಾವ್ಯವಾಗಿ ಓದಿ ಅಲ್ಲಮನ ಬೆಡಗಿಗೆ ಬೆರಗಾಗಿದ್ದೇವೆ. 1965ರಿಂದ 1972ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಗೂಳೂರರ ಪಾಠವನ್ನು ಇಂಗ್ಲಿಷಿನ ಐದು ಸಂಪುಟಗಳಲ್ಲಿ ತಂದಿತು, ದೊಡ್ಡ ಕೆಲಸ. ಡಿ.ಆರ್. ನಾಗರಾಜರ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' ಅಲ್ಲಮನನ್ನು ಶೈವ ಚಿಂತನೆಯ ವಿಶಾಲ ಬಯಲಿನಲ್ಲಿ ನಿಲ್ಲಿಸಿತು. ಅದಿಲ್ಲದೆ ಇವತ್ತು ಅಲ್ಲಮನ ಬಗ್ಗೆ ಮಾತನಾಡುವಂತೆಯೇ ಇಲ್ಲ. ಆದರೆ ಆಡುವವರು ಯಾರು, ಕೇಳುವವರು ಯಾರು, ಯಾರಿಗೆ ಮೊದಲು ಬಾಯಿ ತೆರೆಯುವ ಹಕ್ಕಿದೆ, ಯಾರು ತನ್ನನ್ನು ಸಮರ್ಥಿಸಿಕೊಂಡ ಮೇಲಷ್ಟೇ ಕೂರಬಹುದು ಎಂಬ ಮಾತಿನ ಲೆಕ್ಕಾಚಾರ ಬಾಕಿಯೇ ಉಳಿದಿದೆ.

ಬೇರೆ ಕಡೆ ಇದಕ್ಕೊಂದು ಅಧ್ಯಯನ ವಿಭಾಗವೇ ಇತ್ತು. ಅಮೆರಿಕದಲ್ಲಿ 1914ರಲ್ಲಿ ಭಾಷಣ ಕಲಿಸುವ ಮೇಷ್ಟ್ರುಗಳ ಒಂದು ಸಣ್ಣ ಗುಂಪು ಇಂಗ್ಲಿಷ್ ಮೇಷ್ಟ್ರುಗಳ ಸಂಘದಿಂದ ಮುನಿಸಿಕೊಂಡು ಹೊರಬಂತು. ಇಂಗ್ಲಿಷ್ ವಿಭಾಗಗಳು ಬರೆದದ್ದನ್ನಷ್ಟೇ ಓದು ಎಂದುಕೊಂಡಿವೆ, ಆಡಿದ ಮಾತನ್ನು ಅಭ್ಯಾಸಕ್ಕೆ ಯೋಗ್ಯವೆಂದೇ ಬಗೆಯುವುದಿಲ್ಲ ಎನ್ನುವುದು ಅವರ ತಕರಾರು. ಅವರು ಕಟ್ಟಿದ ಸಂಘ ಹಲವು ಹೆಸರು ಬದಲಿಸಿತು: 1970ರಲ್ಲಿ 'ಸ್ಪೀಚ್ ಕಮ್ಯೂನಿಕೇಶನ್' ಎಂಬ ಹೆಸರು ಇಟ್ಟುಕೊಂಡಿತು, 1997ರಲ್ಲಿ 'ಸ್ಪೀಚ್' ಬಿಟ್ಟು ಬರೀ 'ಕಮ್ಯೂನಿಕೇಶನ್' ಉಳಿಸಿಕೊಂಡಿತು. ಮಾತಿಗಾಗಿ ಮನೆ ಬಿಟ್ಟವರು ಕೊನೆಗೆ ಹೆಸರಿನಿಂದ ಮಾತನ್ನೇ ಬಿಟ್ಟರು, ಇರಲಿ. ಆ ನಡುವಿನ ದಶಕಗಳಲ್ಲಿ ಅಲ್ಲಿ ಎಂ.ಎ., ಪಿಎಚ್.ಡಿ. ಮಾಡಿದವರು ಒಂದು ಓದುವ ಕ್ರಮವನ್ನು ಬೆಳೆಸಿದರು. ಅದಕ್ಕೆ ತಳಪಾಯ ಹಾಕಿದ್ದು ಹರ್ಬರ್ಟ್ ವಿಚೆಲ್ನ್ಸ್ 1925ರಲ್ಲಿ ಬರೆದ ಒಂದು ಪ್ರಬಂಧ. ಸಾಹಿತ್ಯ ವಿಮರ್ಶೆ ಕೃತಿಯ ಸೌಂದರ್ಯವನ್ನು, ಅದರ ಬಾಳಿಕೆಯನ್ನು ಕೇಳುತ್ತದೆ. ಭಾಷಣದ ವಿಮರ್ಶೆ ಒಂದು ನಿರ್ದಿಷ್ಟ ಸಭೆಯ ಮೇಲೆ ಆದ ಪರಿಣಾಮವನ್ನು ಕೇಳಬೇಕು ಎನ್ನುವುದು ಅವರ ವಾದದ ತಿರುಳು.

ನಮ್ಮಲ್ಲಿ ಮಾತು ಹಂಚಿಹೋಗಿದೆ. ಅದರ ಧ್ವನಿ ಭಾಷಾವಿಜ್ಞಾನಕ್ಕೆ, ಅದರ ಕಾಯಿಲೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ, ಅದರ ಮೈಕು ಪತ್ರಿಕೋದ್ಯಮ ವಿಭಾಗಕ್ಕೆ. ಕನ್ನಡ ವಿಭಾಗಕ್ಕೆ ಉಳಿದದ್ದು ಮಾತು ಸತ್ತ ಮೇಲೆ ಸಿಗುವ ಬರಹ. ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ, ಈಗ ಬೀದರಿಗೂ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ಕಲ್ಯಾಣ ಎಂಬ ಊರು ಇರುವ ನಾಡಿನಲ್ಲಿ ಮಾತಿನ ಅಧ್ಯಯನಕ್ಕೊಂದು ಸ್ನಾತಕೋತ್ತರ ಕೋರ್ಸು ಇಲ್ಲ ಎನ್ನುವುದು ನನಗೆ ಮೊದಮೊದಲು ತಮಾಷೆಯಾಗಿ ಕಾಣುತ್ತಿತ್ತು.

ಆದರೆ ವಿಚೆಲ್ನ್ಸ್ ಕೊಟ್ಟ ಸಲಕರಣೆ ನೇರವಾಗಿ ಕಲ್ಯಾಣಕ್ಕೆ ಹೊಂದುವುದಿಲ್ಲ. ಅವರ ಮುಂದೆ ಇದ್ದದ್ದು ವೇದಿಕೆಯ ಮೇಲೊಬ್ಬ ಭಾಷಣಕಾರ, ಕೆಳಗೆ ಸುಮ್ಮನೆ ಕೂತ ಸಭೆ. ಶೂನ್ಯಸಂಪಾದನೆಯಲ್ಲಿ ಸಭೆ ಸುಮ್ಮನಿರುವುದಿಲ್ಲ. ಕೇಳುತ್ತಿದ್ದವರು ಥಟ್ಟನೆ ಆಡುವವರಾಗುತ್ತಾರೆ. ಜೊತೆಗೆ ಪರಿಣಾಮ ಯಾವ ಸಭೆಯ ಮೇಲೆ? ಅನುಭವ ಮಂಟಪದಲ್ಲಿ ಕೂತಿದ್ದರೆನ್ನುವ ಶರಣರ ಮೇಲೋ, ವಿಜಯನಗರದ ಕಾಲದ ಓದುಗರ ಮೇಲೋ? ಹುಡುಗಿಯ ಪ್ರಶ್ನೆ ಇಲ್ಲೇ ಚುಚ್ಚುತ್ತದೆ.

ಹಾಗಾದರೆ ಕಲ್ಯಾಣದಲ್ಲೇ ಹುಟ್ಟಿದ ಅಳತೆಗೋಲು ಏನಾದರೂ ಇದೆಯೇ ಎಂದು ಹುಡುಕಿದೆ. ಇದೆ, ಅದೂ ನಾವು ಸಾಮಾನ್ಯವಾಗಿ ವಚನಗಳ ಹತ್ತಿರ ತರದ ಜಾಗದಲ್ಲಿ. ಬಸವಣ್ಣ ಕಲ್ಯಾಣಕ್ಕೆ ಬರುವುದಕ್ಕೂ ಮೊದಲೇ ಅದು ಮಾತಿನ ಊರು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076 ಮತ್ತು 1126ರ ನಡುವೆ, ವಿಜ್ಞಾನೇಶ್ವರ ಇಲ್ಲಿ 'ಮಿತಾಕ್ಷರಾ' ಬರೆದ. ಅವನ ನಂತರದ ಅರಸು ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಶಾಸ್ತ್ರಚರ್ಚೆಯನ್ನೂ ಕತೆ ಹೇಳುವುದನ್ನೂ ರಾಜನ ವಿನೋದಗಳ ಸಾಲಿಗೆ ಸೇರಿಸಿದ. ಅರಮನೆಗೆ ವಾದ ಒಂದು ಮನರಂಜನೆ. ಮಿತಾಕ್ಷರೆಗೆ ವಾದ ಒಂದು ವ್ಯವಹಾರ, ಅದಕ್ಕೆ ನಾಲ್ಕು ಪಾದ. ವಾದಿ ಹೇಳುವ ದೂರು ಮೊದಲನೆಯದು. ಅದಕ್ಕೆ ಆ ಶಾಸ್ತ್ರ ಕೊಡುವ ಹೆಸರು 'ಭಾಷೆ'. ಎರಡನೆಯದು ಉತ್ತರ, ಮೂರನೆಯದು ಕ್ರಿಯೆ ಅಂದರೆ ಆಧಾರ ಒದಗಿಸುವುದು, ನಾಲ್ಕನೆಯದು ಸಾಧ್ಯಸಿದ್ಧಿ ಅಂದರೆ ತೀರ್ಮಾನ. ಉತ್ತರದಲ್ಲೂ ನಾಲ್ಕು ಬಗೆ. ಹೌದೆಂದು ಒಪ್ಪಿಕೊಳ್ಳುವುದು ಸಂಪ್ರತಿಪತ್ತಿ. ಸುಳ್ಳೆನ್ನುವುದು ಮಿಥ್ಯೆ. ಈ ಮೊದಲೇ ತೀರ್ಮಾನವಾಗಿದೆ ಎನ್ನುವುದು ಪ್ರಾಙ್ನ್ಯಾಯ. ಇನ್ನೊಂದು ಬಹಳ ಚೆಲುವಾದದ್ದು, ಪ್ರತ್ಯವಸ್ಕಂದನ: ನೀನು ಹೇಳಿದ ಸಂಗತಿ ನಿಜ, ಆದರೆ ಅದರ ಕಾರಣ ಬೇರೆ ಎಂದು ದೂರಿನ ಹಲ್ಲು ಕೀಳುವುದು.

ಈ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು ಅಕ್ಕನ ಪ್ರಸಂಗ ಓದಿ ನೋಡಿ. ಅಕ್ಕ ಕಲ್ಯಾಣಕ್ಕೆ ಬರುತ್ತಾಳೆ. ಅಲ್ಲಮ ಅವಳನ್ನು ತಡೆದು ನಿನ್ನ ಗಂಡ ಯಾರು, ಗುರುತು ಹೇಳು, ಇಲ್ಲವೆಂದರೆ ಇಲ್ಲಿ ಜಾಗವಿಲ್ಲ ಎನ್ನುವ ಅರ್ಥದಲ್ಲಿ ಕೇಳುತ್ತಾನೆ. ಜ್ಞಾನದ ಸಭೆಯ ಬಾಗಿಲಲ್ಲಿ ಮೊದಲ ಪ್ರಶ್ನೆ ಜ್ಞಾನದ್ದಲ್ಲ. ನೀನು ಯಾರ ಕಡೆಯವಳು ಎಂಬುದು. ಮೌಖಿಕ ಪರೀಕ್ಷೆಗಳಲ್ಲಿ, ನೇಮಕಾತಿ ಸಂದರ್ಶನಗಳಲ್ಲಿ ನಮ್ಮ ಕಡೆಯವರು ಬಾಯಿ ತೆರೆದ ಕೂಡಲೇ ಎದುರಾಗುವ "ಯಾವ ಕಡೆಯವರು ನೀವು?" ನನಗೆ ನೆನಪಾಗದೆ ಇರುವುದಿಲ್ಲ. ಆಮೇಲೆ ಬಟ್ಟೆಯ ಮಾತು ಬರುತ್ತದೆ. ಉಡುಗೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ, ಒಳಗೆ ನಾಚಿಕೆ ಉಳಿದಿದೆಯಲ್ಲವೇ? ಇದು ಭಾಷೆ, ದೂರು. ಅಕ್ಕ ಸಂಗತಿಯನ್ನು ಅಲ್ಲಗಳೆಯುವುದಿಲ್ಲ, ಮುಚ್ಚಿಕೊಂಡದ್ದು ಹೌದು. ಹಣ್ಣಿನ ಒಳಗು ಮತ್ತು ಸಿಪ್ಪೆಯ ಮಾತಾಡಿ, ಮುಚ್ಚಿಕೊಂಡದ್ದು ತನಗಾಗಿ ಅಲ್ಲ, ನೋಡುವ ನಿಮಗೆ ನೋವಾಗದಿರಲೆಂದು ಎಂದುಬಿಡುತ್ತಾಳೆ. ಶುದ್ಧ ಪ್ರತ್ಯವಸ್ಕಂದನ! ಒಂದೇ ಏಟಿಗೆ ಪರೀಕ್ಷೆಗೆ ಒಳಗಾದದ್ದು ಅವಳ ಮೈಯಲ್ಲ, ಸಭೆಯ ಕಣ್ಣು.

ಸಂಪಾದಕರು ಮಿತಾಕ್ಷರೆಯನ್ನು ಮುಂದಿಟ್ಟುಕೊಂಡು ಹೀಗೆ ಜೋಡಿಸಿದರೆಂದು ನಾನು ಹೇಳುತ್ತಿಲ್ಲ. ನ್ಯಾಯಸ್ಥಾನದಲ್ಲಿ ಮಾತು ಹೇಗೆ ಸಾಗುತ್ತದೆಂಬ ಪರಿಚಯ ಆ ಕಾಲದ ಕೇಳುಗರಿಗೆ ಇದ್ದಿರಬೇಕು ಎನ್ನುವಷ್ಟೇ ನನ್ನ ಊಹೆ. ಮುಖ್ಯವಾದದ್ದು ಈ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದು. ಮಿತಾಕ್ಷರೆಯಲ್ಲಿ ನಾಲ್ಕನೆಯ ಪಾದವಿದೆ, ಯಾರೋ ಗೆದ್ದು ಯಾರೋ ಸೋಲುತ್ತಾರೆ. ಇಲ್ಲಿ ತೀರ್ಪು ಬರುವ ಜಾಗದಲ್ಲಿ ಅಲ್ಲಮ ಅಕ್ಕನಿಗೆ ತಲೆಬಾಗುತ್ತಾನೆ, ಪರೀಕ್ಷಕನೇ ಪರೀಕ್ಷೆ ಮುಗಿದ ಮೇಲೆ ಬೇರೆ ಮನುಷ್ಯನಾಗಿರುತ್ತಾನೆ. ಮುಕ್ತಾಯಕ್ಕನ ಪ್ರಸಂಗದಲ್ಲಿ ಇದು ಇನ್ನೂ ಸೂಕ್ಷ್ಮ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ದುಃಖದಲ್ಲಿರುವ ಅವಳು, ಉಪದೇಶಕ್ಕೆ ಬಂದ ಅಲ್ಲಮನ ಮಾತನ್ನೇ ಅನುಮಾನಿಸುತ್ತಾಳೆ: ಅರಿತವನಲ್ಲಿ ಇಷ್ಟು ಮಾತು ಹೇಗೆ ಉಳಿಯಿತು? ಮಾತಾಡುವವನಿಗೆ ಮಾತಿನ ಹಕ್ಕನ್ನೇ ಸಾಬೀತು ಮಾಡು ಎನ್ನುವ ಈ ಸವಾಲಿಗೆ ಮಿತಾಕ್ಷರೆಯ ಯಾವ ಬಗೆಯ ಉತ್ತರವೂ ಸಾಲದು.

ಆಯ್ದಕ್ಕಿ ಲಕ್ಕಮ್ಮ ನನಗೆ ಇವರೆಲ್ಲರಿಗಿಂತ ಹತ್ತಿರ. ಗಂಡ ಮಾರಯ್ಯ ಶರಣರ ಮಾತುಕತೆಯಲ್ಲಿ ಮೈಮರೆತು ಕೂತಿದ್ದಾನೆ. ಅಕ್ಕಿ ಆಯುವ ಕಾಯಕ ನಿಂತಿದೆ. ಲಕ್ಕಮ್ಮ ಅಲ್ಲಿಗೇ ಬಂದು ಎಬ್ಬಿಸುತ್ತಾಳೆ. ಅವನು ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರೆ ಅದನ್ನೂ ವಾಪಸು ಸುರಿದು ಬಾ ಎನ್ನುತ್ತಾಳೆ. ಸೆಮಿನಾರಿನ ನಡುವೆ ಎದ್ದುನಿಂತು, ಒಲೆ ಹೊತ್ತಿಲ್ಲ, ಏಳು ಎಂದು ಕರೆಯುವ ಈ ಹೆಂಗಸನ್ನು ಮಾತಿನ ಪುಸ್ತಕವೇ ತನ್ನೊಳಗೆ ಇಟ್ಟುಕೊಂಡಿದೆಯಲ್ಲ, ಅದು ಅದರ ಪ್ರಾಮಾಣಿಕತೆ. ಮಾತಿಗೂ ಒಂದು ಅಳತೆ ಇದೆ, ಹೆಚ್ಚಾದದ್ದನ್ನು ವಾಪಸು ಸುರಿಯಬೇಕು. ನಮ್ಮ ವಿಚಾರ ಸಂಕಿರಣಗಳಿಗೆ ಒಬ್ಬ ಲಕ್ಕಮ್ಮನ ನೇಮಕಾತಿ ತುರ್ತಾಗಿ ಆಗಬೇಕು.

ಮಾತು ಹೇಗಿರಬೇಕೆಂದು ಉಪಮೆಗಳಲ್ಲಿ ಹೇಳುವ ಬಸವಣ್ಣನ ವಚನ ನಮ್ಮ ಕಡೆ ಪ್ರತಿ ಶಾಲೆಯ ಗೋಡೆಯ ಮೇಲಿದೆ. ಭಾಷಣ ಸ್ಪರ್ಧೆಯ ಮಕ್ಕಳೆಲ್ಲ ಅದರಿಂದಲೇ ಶುರು ಮಾಡುತ್ತಾರೆ. ಗೋಡೆ ಬರೆಯುವ ಪೇಂಟರನಿಗೆ ಜಾಗ ಸಾಲದೆ ಹೋಗಿ ಎಷ್ಟೋ ಕಡೆ ಅದು ಉಪಮೆಗಳಲ್ಲೇ ನಿಂತಿರುತ್ತದೆ. ಆಡಿದಂತೆ ನಡೆಯದಿದ್ದರೆ ಏನು ಎಂದು ಕೇಳುವ ಕೊನೆಯ ಭಾಗ ಗೋಡೆಯಾಚೆ ಉಳಿದಿರುತ್ತದೆ. ಕನ್ನಡದಲ್ಲಿ ಮಾತನ್ನು ಹೇಳುವ ಪದಗಳನ್ನೇ ನೋಡಿ. ವಚನ ಕೊಡುತ್ತೇವೆ, ಭಾಷೆ ಕೊಡುತ್ತೇವೆ, ಮಾತು ಕೊಡುತ್ತೇವೆ, ಮಾತಿಗೆ ತಪ್ಪುತ್ತೇವೆ. ಆಡುವುದಕ್ಕೂ ಒಪ್ಪಂದಕ್ಕೆ ಕೈ ಹಾಕುವುದಕ್ಕೂ ಒಂದೇ ಪದ. ಪರಿಣಾಮವನ್ನು ಸಭೆಯ ಮೇಲೆ ಅಳೆಯಬೇಕು ಎನ್ನುವ ಅಮೆರಿಕದ ವಿಮರ್ಶೆಗೆ ಈ ಪದಗಳು ಒಂದು ತಿದ್ದುಪಡಿ ಸೂಚಿಸುತ್ತವೆ: ಮೊದಲ ಪರಿಣಾಮ ಆಡಿದವನ ಮೇಲೆ. ಮಾತಿಗೊಂದು ಎಂ.ಎ. ನಮ್ಮಲ್ಲಿ ಶುರುವಾದರೆ ಮೊದಲ ಪತ್ರಿಕೆ ಇಲ್ಲಿಂದ ಶುರುವಾಗಬಹುದು.

ಎರಡನೆಯ ಪತ್ರಿಕೆಗೆ ಹುಮನಾಬಾದಿಗೆ ಬನ್ನಿ. ಈ ತಾಲ್ಲೂಕಿನ ಜಲಸಂಗಿ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತು ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ, ಸಂಸ್ಕೃತದಲ್ಲಿ. ಕೈಬರಹ ಅವಳದ್ದು, ಮಾತು ಅರಮನೆಯದ್ದು. ನನ್ನ ವಿದ್ಯಾರ್ಥಿನಿಯ ಅಚ್ಚುಕಟ್ಟಾದ ಕಿರುಪ್ರಬಂಧ ನೋಡುವಾಗೆಲ್ಲ ಈ ಹೆಂಗಸು ಕಣ್ಣಿಗೆ ಬರುತ್ತಾಳೆ. ಅದೇ ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿ, ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದುಸ್ತಾನಿ, ಸಂಸ್ಕೃತ ಎನ್ನದೆ ಹಾಡು ಕಟ್ಟಿದರು. ಇಲ್ಲಿ ಒಂದು ಭಾಷೆಯಲ್ಲಿ ಜಗಳ ಶುರುಮಾಡಿ ಇನ್ನೊಂದರಲ್ಲಿ ರಾಜಿಯಾಗುವುದು ದಿನನಿತ್ಯದ ಸಂಗತಿ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಬಗ್ಗೆ ಬರೆದ ಲೇಖನ ಜಗತ್ತಿನಾದ್ಯಂತ ಭಾಷಾವಿಜ್ಞಾನದ ತರಗತಿಗಳಲ್ಲಿ ಓದಿಸಲ್ಪಡುತ್ತದೆ. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳು ಶಬ್ದಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡೇ ವಾಕ್ಯದ ಅಚ್ಚಿನಲ್ಲಿ ಒಂದಾಗಿಬಿಟ್ಟಿವೆ ಎಂದು ಅವರು ತೋರಿಸಿದರು. ಪುಣೆಯ ಡೆಕ್ಕನ್ ಕಾಲೇಜಿನಿಂದ 1968ರಲ್ಲಿ ಆರ್. ಮಹಾದೇವನ್ ಅವರ 'ಗುಲ್ಬರ್ಗ ಕನ್ನಡ' ಬಂತು. ಹೊರಗಿನವರು ನಮ್ಮ ಮಾತನ್ನು ಅಧ್ಯಯನಕ್ಕೆ ಯೋಗ್ಯವೆಂದು ಬಗೆದು ಅರ್ಧ ಶತಮಾನ ದಾಟಿದೆ. ನಾವಿನ್ನೂ ಅದನ್ನು ತಿದ್ದುತ್ತಿದ್ದೇವೆ.

ತಿದ್ದುವುದಕ್ಕೊಂದು ಇತಿಹಾಸವೂ ಇದೆ. ನಿಜಾಮನ ಕಾಲದಲ್ಲಿ ಈ ಭಾಗದವರ ಉನ್ನತ ಶಿಕ್ಷಣದ ದಾರಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗಿತ್ತು, ಅಲ್ಲಿಯ ಮಾಧ್ಯಮ ಉರ್ದು. ಅಜ್ಜಂದಿರು ಮನೆಯ ಕನ್ನಡವನ್ನು ಹೊಸಲಿನಲ್ಲಿ ಬಿಟ್ಟು ಹೋದರು. 1956ರ ನಂತರ ಕನ್ನಡವೇ ಬಂತು, ಆದರೆ ಬಂದದ್ದು ದೂರದ ಊರುಗಳಲ್ಲಿ ಇಸ್ತ್ರಿಯಾದ ಕನ್ನಡ. ಮೊಮ್ಮಕ್ಕಳೂ ಚಪ್ಪಲಿ ಬಿಟ್ಟ ಜಾಗದಲ್ಲೇ ಮಾತನ್ನೂ ಬಿಟ್ಟು ಒಳಗೆ ಹೋಗುತ್ತಾರೆ.

ಆಡುಮಾತಿನಲ್ಲೇ ಪ್ರಬಂಧ ಬರೆಯಲಿ ಎಂದು ನಾನು ವಾದಿಸುವುದಿಲ್ಲ. ಶಿಷ್ಟಕನ್ನಡ ಬೇಕು. ನೆಟ್ ಪರೀಕ್ಷೆ, ಕೆಎಎಸ್ ಪರೀಕ್ಷೆಗಳಲ್ಲಿ ಅದಿಲ್ಲದೆ ಆಗುವುದಿಲ್ಲ, ಆ ಹುಡುಗಿಗೆ ಕೆಲಸ ಬೇಕಿದೆ. ನಾನು ಬರೆಯುತ್ತಿರುವುದೂ ಅದರಲ್ಲೇ. ನನ್ನ ತಕರಾರು ವಿಮರ್ಶೆಗೆ ಸಂಬಂಧಿಸಿದ್ದು. ಗೀತಾ ನಾಗಭೂಷಣ ಅವರ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಾವೆಲ್ಲ ಹಿಗ್ಗಿದೆವು. ಅದರ ಮಾತುಗಳನ್ನು 'ಮಣ್ಣಿನ ಸೊಗಡು' ಎಂದು ಹೊಗಳಿದೆವು. ಆ ಸೊಗಡು ಪುಸ್ತಕದೊಳಗಿದ್ದರೆ ಪ್ರಶಸ್ತಿ, ಮೌಖಿಕ ಪರೀಕ್ಷೆಯ ಕುರ್ಚಿಯಲ್ಲಿ ಕೂತಿದ್ದರೆ ತಪ್ಪು. 'ಸೊಗಡು' ಎನ್ನುವುದೇ ದೂರದಿಂದ ಮೂಸಿದವರ ಪದ. 'ಕೊಡ್ಲತ್ತಾಳ' ಎಂಬ ಕ್ರಿಯಾಪದ ಈಗ, ಈ ಕ್ಷಣ ನಡೆಯುತ್ತಿರುವುದನ್ನು ಹೇಳುತ್ತದೆ. ಹುಡುಗಿ ಅದನ್ನೇ ಬಳಸಿದ್ದಳು: ಅಕ್ಕ ಈಗ ಅವಳ ಮುಂದೆ ಉತ್ತರ ಕೊಡ್ಲತ್ತಾಳ. ನನ್ನ ತಿದ್ದುಪಡಿ ಆ ಸಮೀಪವನ್ನು ಕಸಿದುಕೊಂಡಿತು.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪ ಏಳುತ್ತಿದೆ. 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದಾಗ ಅಂದಾಜು 500 ಕೋಟಿ ರೂಪಾಯಿ ಎಂದಿದ್ದರು. 770 ಅಮರಗಣಂಗಳ ನೆನಪಿಗೆ 770 ಕಂಬಗಳು. ಪ್ರತಿ ಸಮಾರಂಭದಲ್ಲೂ ಇದು ಜಗತ್ತಿನ ಮೊದಲ ಸಂಸತ್ತು ಎನ್ನುವ ಮಾತು ಬರುತ್ತದೆ. ನನಗೆ ಆ ಹೋಲಿಕೆ ಒಗ್ಗುವುದಿಲ್ಲ. ಸಂಸತ್ತಿನಲ್ಲಿ ಮಾತಿನ ಕೊನೆಗೆ ಕೈ ಎಣಿಸುತ್ತಾರೆ, ಶೂನ್ಯಸಂಪಾದನೆಯಲ್ಲಿ ಯಾರೂ ಕೈ ಎಣಿಸಲಿಲ್ಲ. ಅಲ್ಲಿ ಬಹುಮತವಿಲ್ಲ, ಒಬ್ಬೊಬ್ಬರನ್ನೇ ಎದುರು ಕೂರಿಸಿಕೊಂಡು, ಆಡಿದ ಮಾತಿಗೆ ನೀನು ಬಾಧ್ಯನೇ ಎಂದು ಕೇಳುವುದಿದೆ. ಹೋಲಿಸಲೇಬೇಕೆಂದರೆ ಅದು ಮೌಖಿಕ ಪರೀಕ್ಷೆಗೆ ಹತ್ತಿರ, ಪರೀಕ್ಷಕನೂ ನಪಾಸಾಗಬಹುದಾದ ಮೌಖಿಕ ಪರೀಕ್ಷೆಗೆ. ಕಂಬಗಳ ನಡುವೆ ಎಲ್ಲೋ ಒಂದು ಸಣ್ಣ ಕೋಣೆ, ಒಂದು ರೆಕಾರ್ಡರು, ಊರೂರಿನ ಮಾತನ್ನು ಕೇಳಿ ಬರೆದುಕೊಳ್ಳಲು ಕಲಿತ ಹತ್ತು ಹುಡುಗರು ಸಿಕ್ಕರೂ ನನ್ನ ಎಂ.ಎ. ಶುರುವಾದಂತೆಯೇ.

ಪರೀಕ್ಷೆ ಮುಗಿದ ವಾರಕ್ಕೆ ಹುಡುಗಿಗೆ ಫೋನ್ ಮಾಡಿದೆ. ಅಂದು ತಿದ್ದಿದ್ದಕ್ಕೆ ಕ್ಷಮೆ ಕೇಳಿದೆ. "ತಿದ್ದಿದ್ದು ಖರೇನೇ ಅದ ಸರ್, ಪರೀಕ್ಷಾದಾಗ ಉಪಯೋಗ ಆಯ್ತು. ಆದ್ರ ನೀವು ಉತ್ತರ ಹೇಳ್ಲಿಲ್ಲ" ಎಂದಳು. ನಾನು ಹೇಳಿದೆ: ಸಂಪಾದಕನ ಕೈಗೆ ಮೊದಲು ಸಿಕ್ಕದ್ದು ಅಕ್ಕನ ವಚನ. ಅಷ್ಟು ಗಟ್ಟಿಯಾದ ಮಾತು ಬಿಡಿಯಾಗಿ ಬಿದ್ದಿರುವುದನ್ನು ಕಂಡು, ಇದು ಯಾರಿಗೋ ಕೊಟ್ಟ ಜವಾಬೇ ಇರಬೇಕೆಂದು ಅವನಿಗೆ ಅನ್ನಿಸಿತು. ಅದಕ್ಕೆ ತಕ್ಕ ಪ್ರಶ್ನೆ ಹುಡುಕಿ ಅಲ್ಲಮನ ಬಾಯಲ್ಲಿಟ್ಟ. ಹಾಗಾಗಿ ಅವನು ಅಕ್ಕನಿಂದ ಉತ್ತರ ಕೊಡಿಸಲಿಲ್ಲ, ಅಕ್ಕನ ಉತ್ತರವೇ ಅಲ್ಲಮನಿಂದ ಪ್ರಶ್ನೆ ಕೇಳಿಸಿತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದಳು: "ಛಲೋ ಅದ ಸರ್. ಇದಕ್ಕ ಆಧಾರ ಏನದ?"

ಮೂರನೆಯ ಪಾದ. ನಾಲ್ಕೂ ಪಾಠಗಳ ಅಕ್ಕನ ಪ್ರಸಂಗವನ್ನು ಅಕ್ಕಪಕ್ಕ ಇಟ್ಟು ನೋಡಬೇಕು, ಈ ರಜೆಯಲ್ಲಿ ಕೂಡೋಣ ಎಂದೆ. ಬಸವಕಲ್ಯಾಣದ ಬಂಗ್ಲಾದಲ್ಲಿ ಇಳಿದರೆ ತಾನು ಬಂದು ಕರಕೊಂಡು ಹೋಗುತ್ತೇನೆ ಎಂದಿದ್ದಾಳೆ.